ಕಡಲಿಗೆ ಬೆನ್ನು

ಸಮುದ್ರದ ವಿಷಯದಲ್ಲಿ ರಂಗನಾಯಕಮ್ಮ ಹೇಳುವುದೆಲ್ಲ ಬರೀ ಬುರುಡೆ ಎಂದು ಈಗ ಮಳವಳ್ಳಿಯಲ್ಲಿ ಮಾತು. ಆ ಮಾತನ್ನು ಊರ ತುಂಬ ಹಬ್ಬಿಸಿದವಳು ನಾನೇ. ರಂಗನಾಯಕಮ್ಮ ಎಂದರೂ ನಾನೇ. ಯಾಕೆ ಹಬ್ಬಿಸಿದೆ ಎಂದು ಒಬ್ಬರೂ ಕೇಳಲಿಲ್ಲ. ಮುದುಕಿಗೆ ಅರಳುಮರಳು ಎಂದುಕೊಂಡು ಸುಮ್ಮನಾದರು. ಅಂದುಕೊಳ್ಳಲಿ, ನನ್ನ ಗಂಟೇನು ಹೋಯಿತು!

ಮೊದಲು ಹಾಗಿರಲಿಲ್ಲ. ನಮ್ಮ ಯಜಮಾನರು ತಂತಿ ಆಫೀಸಿನಲ್ಲಿದ್ದರು. ಘಟ್ಟದ ಕೆಳಗೆ, ಮಂಗಳೂರಿನಿಂದಲೂ ಆಚೆ, ಕಡಲ ದಂಡೆಯ ಒಂದು ಪುಟ್ಟ ಊರಿಗೆ ಅವರಿಗೆ ವರ್ಗವಾಯಿತು. ಮದುವೆಯಾದ ಹೊಸತರಲ್ಲಿ ಅವರ ಹಿಂದೆ ಹೋದವಳು ಅಲ್ಲೇ ಸಂಸಾರ ಹೂಡಿದೆ, ಅಲ್ಲೇ ವಿಷಮಜ್ವರದಲ್ಲಿ ಅವರನ್ನು ಕಳೆದುಕೊಂಡೆ, ವಿಧವೆಯ ಕೆಂಪು ಸೀರೆ ಉಟ್ಟು ತಮ್ಮನ ಮನೆಗೆ ಬಂದು ಬಿದ್ದೆ. ಮಡಿಲಲ್ಲಿ ಮಗುವಿಲ್ಲ, ಮೈಮೇಲೆ ಒಡವೆಯಿಲ್ಲ. ಆ ಊರಿನಲ್ಲಿ ಕಲಿತದ್ದೊಂದೇ ನನ್ನ ಆಸ್ತಿ.

ಅದಕ್ಕೆ ಬೆಲೆಯೂ ಇತ್ತು. ರಾಮೇಶ್ವರಕ್ಕೆ ಹೊರಟವರು, ಮಂಗಳೂರಿನ ಕಡೆ ಕೆಲಸ ಸಿಕ್ಕವರು, ಎಲ್ಲರೂ ನಮ್ಮ ಜಗುಲಿಯ ಮೇಲೆ ಬಂದು ಕೂರುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ಹೇಳುತ್ತಿದ್ದೆ. ತಗಡಿನ ಟ್ರಂಕು ಒಯ್ಯಬೇಡಿ, ಉಪ್ಪುಗಾಳಿಗೆ ತುಕ್ಕು ಹಿಡಿದು ಸೀರೆಗೆಲ್ಲ ಕಲೆಯಾಗುತ್ತೆ, ಗಂಟು ಕಟ್ಟಿಕೊಳ್ಳಿ. ಬೆಂಕಿಪೊಟ್ಟಣವನ್ನು ಅಕ್ಕಿಯೊಳಗೆ ಹೂತಿಡಿ, ಇಲ್ಲದಿದ್ದರೆ ಗೀರಿ ಗೀರಿ ಕೈ ಸೋಲುತ್ತೆ. ತೆಂಗಿನಮರದ ಕೆಳಗೆ ಚಾಪೆ ಹಾಸಿದಿರೋ, ನಿಮ್ಮ ತಲೆ ನಿಮ್ಮದಲ್ಲ. ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ಓಡಾಡಬೇಡಿ, ಅದು ಆ ಜನರ ಅನ್ನ. ನಾಲ್ಕು ದಿನ ಕಳೆದರೆ ಮೂಗೇ ಮರೆತುಬಿಡುತ್ತೆ.

ಹಾಲು ಕೊಡಲು ಬರುವ ಪುಟ್ಟಮಾದಮ್ಮನಿಗೆ ಮಾತ್ರ ಇದರಲ್ಲಿ ನಂಬಿಕೆ ಇರಲಿಲ್ಲ.

"ಸಮುದ್ರ ಅಂದ್ರೆ ನಮ್ಮೂರ್ ಕೆರೆಗಿಂತ ದೊಡ್ದಾ ಅಮ್ಮಾರೆ?"

"ಆಚೆ ದಡವೇ ಕಾಣಲ್ಲ ಕಣೇ."

"ಏ, ಬುಡಿ ಬುಡಿ. ದಡ ಇಲ್ದೆ ನೀರು ನಿಂತ್ಕತದಾ? ಯಾರ್ ಕಿವಿಗೆ ಊವ ಮಡಗ್ತೀರಿ!"

"ನಾನು ಕಣ್ಣಾರೆ ಕಂಡದ್ದನ್ನಷ್ಟೇ ಹೇಳೋದು. ಸಮುದ್ರದ ವಿಷಯ ನನ್ನ ಬಾಯಲ್ಲಿ ಒಂದು ಸುಳ್ಳು ಬಂದರೆ ಕೇಳು," ಎಂದು ನಾನು ರೇಗುತ್ತಿದ್ದೆ. ಅಷ್ಟು ಜಂಬವಿತ್ತು ನನಗೆ.

ನನ್ನ ತಮ್ಮ ಯೋಗಾನರಸಿಂಹ ಇಲ್ಲಿನ ಸ್ಕೂಲಿನಲ್ಲಿ ಪಂಡಿತ. ಅವನ ಹೆಂಡತಿ ಪದ್ಮಾ. ಅವರಿಗೆ ಒಬ್ಬಳೇ ಮಗಳು, ಗೋದಾ. ಹೆತ್ತವಳು ಪದ್ಮಾ ಆದರೂ ರಾತ್ರಿ ಮಲಗಿಸಿದವಳು ನಾನು. ಅವಳಿಗೆ ರಾಜರಾಣಿಯರ ಕಥೆ ಬೇಡ, ಕಡಲಿನದೇ ಬೇಕು. ನಸುಕಿನಲ್ಲಿ ಬೆಸ್ತರ ಹೆಂಗಸರು ಮರಳಿನ ಮೇಲೆ ನಿಂತು ದೋಣಿಯವರನ್ನು ಕೂಗುವುದನ್ನು ಹೇಳುತ್ತಿದ್ದೆ. ಆ ಹೊತ್ತಿನಲ್ಲಿ ಗಾಳಿ ನೆಲದಿಂದ ನೀರಿನ ಕಡೆ ಬೀಸುತ್ತದೆ. ಹೆಂಗಸು ದಂಡೆಯಲ್ಲಿ ನಿಂತು ಗಂಡನ ಹೆಸರು ಹಿಡಿಯದೆ "ಓಯ್" ಎಂದರೆ ಸಾಕು, ಬೆರಳುದ್ದ ಕಾಣುವಷ್ಟು ದೂರದ ದೋಣಿಯಿಂದ ಅವನು "ಓ" ಎನ್ನುತ್ತಾನೆ. ಕಥೆ ಇಲ್ಲಿಗೆ ಬಂದಾಗ ಗೋದಾ ತಾನೂ "ಓ" ಎನ್ನುತ್ತಿದ್ದಳು. ಹಾಗೆ ಓಗೊಡುತ್ತಲೇ ನಿದ್ದೆ ಹೋಗುತ್ತಿದ್ದಳು.

ಹದಿನಾರು ತುಂಬುವ ಹೊತ್ತಿಗೆ ಆ ಮಗುವಿಗೆ ಕೆಮ್ಮು ಹತ್ತಿತು. ಕಷಾಯ ಆಯಿತು, ಆಡುಸೋಗೆ ರಸ ಆಯಿತು, ಹರಕೆ ಆಯಿತು. ಬರುತ್ತಿದ್ದ ಗಂಡಿನ ಕಡೆಯವರು ಬರುವುದು ನಿಲ್ಲಿಸಿದರು. ಕೊನೆಗೆ ಮಂಡ್ಯಕ್ಕೆ ಕರೆದುಕೊಂಡು ಹೋದೆವು. ಸಕ್ಕರೆ ಕಾರ್ಖಾನೆಯ ಹೊಗೆಗೆ ದಾರಿಯುದ್ದಕ್ಕೂ ಕೆಮ್ಮಿ ಕೆಮ್ಮಿ ಹುಡುಗಿ ಬಾಗಿಹೋದಳು. ಡಾಕ್ಟರು ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಕಾಯಿಲೆಯ ಹೆಸರನ್ನು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

"ಎರಡು ತಿಂಗಳು ಸಮುದ್ರದ ಗಾಳಿಯಲ್ಲಿ ಇಟ್ಟು ನೋಡಿ. ಹೊಟ್ಟೆತುಂಬ ಊಟ, ವಿಶ್ರಾಂತಿ. ಇಲ್ಲೇ ಇದ್ದರೆ ಈ ಮಳೆಗಾಲ ದಾಟುವುದು ಕಷ್ಟ," ಎಂದರು.

ನನ್ನ ಎದೆ ಒಡೆದುಹೋಯಿತು, ಜೊತೆಗೇ ಒಂದು ಧೈರ್ಯವೂ ಬಂತು. ನಾನು ಬಾಳಿದ ಊರಿದೆ, ತಿಳಿದ ಜನ ಇದ್ದಾರೆ, ಇವಳನ್ನು ಉಳಿಸಿಕೊಂಡು ಬರುತ್ತೇನೆ ಎಂದುಕೊಂಡೆ. ಆ ಊರಿನ ಪರಿಚಯದವರ ಹಿತ್ತಿಲ ಮನೆಯನ್ನೂ ಗೊತ್ತುಮಾಡಿದ್ದಾಯಿತು. ಬೇಸಿಗೆ ರಜಕ್ಕೆ ಹೊರಡುವುದೆಂದಾಯಿತು. ನಾನು ನನ್ನ ಎರಡು ಸೀರೆ ಒಗೆದು ಮಡಿಸಿಟ್ಟೆ.

ಆಗ ಪದ್ಮಾ ಅಡಿಗೆಮನೆಗೆ ಬಂದು ನಿಂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಅತ್ತಿಗೆ, ತಪ್ಪು ತಿಳಿಯಬೇಡಿ. ಮಗು ಪ್ರಾಣದ ಮಾತು. ಒಳ್ಳೇದಕ್ಕೆ ಅಂತ ಹೊರಡುವಾಗ ನೀವು ಜೊತೆಗೆ... ನಮ್ಮಮ್ಮ ಹೇಳಿಕಳಿಸಿದಾರೆ. ನಾನು ಹೇಳ್ತಿರೋದಲ್ಲ."

ಕೆಂಪು ಸೀರೆಯವಳು ಶುಭಕಾರ್ಯಕ್ಕೆ ಎದುರಾಗಬಾರದು. ಇದನ್ನು ನನಗೆ ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಸಿಟ್ಟು ಬರಲಿಲ್ಲವೇ? ಬಂತು. ಒಲೆಯ ಮುಂದೆ ಕೂತು ಮನಸ್ಸಿನಲ್ಲೇ ಅವಳ ತೌರಿನವರನ್ನೆಲ್ಲ ಬೈದೆ. ಆದರೆ ಗೋದಾ ಬದುಕುವುದಾದರೆ ನಾನು ಬಾವಿಯೊಳಗೆ ಇಳಿದು ಕೂರುವುದಕ್ಕೂ ತಯಾರಿದ್ದೆ. ಮಡಿಸಿದ ಸೀರೆಯನ್ನು ಮತ್ತೆ ಗಳುವಿನ ಮೇಲೆ ಹಾಕಿದೆ.

ಹೋಗದಿದ್ದರೇನು, ನಾಲಗೆ ಇತ್ತಲ್ಲ. ಹೊರಡುವ ದಿನದವರೆಗೂ ಅವರ ತಲೆ ತಿಂದೆ. ಅಲ್ಲಿನ ಕುಚ್ಚಲಕ್ಕಿ ರೋಗಿಷ್ಠ ಹೊಟ್ಟೆಗೆ ಭಾರ, ನಮ್ಮ ಅಕ್ಕಿಯನ್ನೇ ಹೊತ್ತುಕೊಂಡು ಹೋಗಿ. ದಂಡೆಯ ಹತ್ತಿರದ ಬಾವಿ ಉಪ್ಪು, ಸೀಗೆಪುಡಿ ಹಚ್ಚಿದರೆ ಕೂದಲು ಅಂಟಾಗುತ್ತೆ, ಒಳಗಿನ ಕೇರಿಯ ಬಾವಿಯಿಂದ ತನ್ನಿ. ಮಗುವನ್ನು ಬಿಸಿಲೇರುವ ಮುಂಚೆ ಕರೆದುಕೊಂಡು ಹೋಗಿ ಮರಳಿನ ಮೇಲೆ ಕೂರಿಸಿ, ಮರಳು ಕಾಯುವಷ್ಟರಲ್ಲಿ ಮನೆ ಸೇರಿಸಿ. ಎಳನೀರನ್ನು ಸಂಜೆಯ ಮೇಲೆ ಕೊಡಬೇಡಿ. ಪದ್ಮಾ ಎಲ್ಲಕ್ಕೂ ಹೂಂ ಎಂದಳು.

ತಮ್ಮನ ಜೊತೆಗೆ ಅಷ್ಟು ಸುಲಭವಾಗಲಿಲ್ಲ. ಅವನು ನಿಷ್ಠಾವಂತ. ಸಮುದ್ರವನ್ನು ಸುಮ್ಮಸುಮ್ಮನೆ ಮುಟ್ಟಬಾರದು, ಪರ್ವಕಾಲದಲ್ಲಿ ಮಾತ್ರ ಸ್ನಾನ ಎನ್ನುವ ನಿಯಮದವನು.

"ಅಮಾವಾಸ್ಯೆಯ ದಿನ ಸ್ನಾನ ಮಾಡ್ತೀನಿ ಅಕ್ಕ. ಮಗು ಹೆಸರಲ್ಲಿ ಸಂಕಲ್ಪ," ಎಂದ.

"ಅಮಾವಾಸ್ಯೆ ಹುಣ್ಣಿಮೆಗೇ ಕಣೋ ಅದು ಉಕ್ಕಿ ಬರೋದು. ಅದರಲ್ಲೂ ಮಳೆಗಾಲದ ಮುಂಚೆ ಬೆಸ್ತರೇ ದೋಣಿ ಮೇಲಕ್ಕೆ ಎಳೆದಿಟ್ಟುಬಿಡ್ತಾರೆ. ನೀನು ಚೊಂಬಿನಲ್ಲಿ ನೀರು ತುಂಬಿಸಿಕೊಂಡು ಮರಳಿನ ಮೇಲೆ ಕೂತು ತಲೆಗೆ ಹೊಯ್ಕೊ."

"ಸಮುದ್ರ ಎದುರಿಗಿಟ್ಟುಕೊಂಡು ಚೊಂಬಿನಲ್ಲಿ ಸ್ನಾನವೇ?" ಎಂದು ನಕ್ಕ. "ಪೂರಿಗಾಲಿಯಲ್ಲಿ ಹುಟ್ಟಿದವನಿಗೆ ನೀರು ಹೇಳಿಕೊಡ್ತೀಯಲ್ಲ."

ನಾವಿಬ್ಬರೂ ಪೂರಿಗಾಲಿಯಲ್ಲೇ ಹುಟ್ಟಿದವರು. ಅಪ್ಪನ ಜೊತೆ ನಡೆದು ಹೋಗಿ ಕಾವೇರಿಯಲ್ಲಿ ಮಿಂದು ಬೆಳೆದವರು. ನರಸಿಂಹ ಮಂಡಿಯುದ್ದ ನೀರಿನಲ್ಲಿ ನಿಂತು, ಕಣ್ಣು ಮುಚ್ಚಿ, ಬೊಗಸೆಯೆತ್ತಿ ಸೂರ್ಯನಿಗೆ ಅರ್ಘ್ಯ ಕೊಡುವುದನ್ನು ನೋಡಿದರೆ ನನಗೇ ಕೈ ಮುಗಿಯಬೇಕು ಅನ್ನಿಸುತ್ತಿತ್ತು. ಆದರೆ ಹೊಳೆ ಒಂದೇ ಕಡೆಗೆ ಹರಿಯುತ್ತದೆ. ಬೆನ್ನ ಹಿಂದಿನಿಂದ ಎದ್ದು ಬಂದು ಬಡಿಯುವುದು ಅದಕ್ಕೆ ಗೊತ್ತಿಲ್ಲ.

"ನೋಡು ನರಸಿಂಹ," ಎಂದೆ, "ಅಲ್ಲಿ ಸೂರ್ಯ ಹುಟ್ಟೋದು ಊರಿನ ಕಡೆಯಿಂದ, ತೆಂಗಿನತೋಟದ ಹಿಂದಿನಿಂದ. ಪೂರ್ವಕ್ಕೆ ಮುಖ ಮಾಡಿ ಅರ್ಘ್ಯಕ್ಕೆ ನಿಂತರೆ ಸಮುದ್ರ ಬೆನ್ನಿಗೆ ಬರುತ್ತೆ. ಆ ಊರಿನಲ್ಲಿ ಹಾಲು ಕುಡಿಯೋ ಮಗುವಿಗೂ ಮೊದಲು ಕಲಿಸೋ ಮಾತು ಒಂದೇ, ಕಡಲಿಗೆ ಬೆನ್ನು ಕೊಡಬೇಡ ಅಂತ. ದಡದ ಮೇಲೆ ನಿಂತು ಕೊಡು, ನಿನ್ನ ದಮ್ಮಯ್ಯ."

"ಕಡಲಿಗೆ ಬೆನ್ನು ಕೊಡಬಾರದು ಅಂತ ಸೂರ್ಯನಿಗೆ ಕೊಡಲೇ ಅಕ್ಕ?" ಎಂದ. ನನ್ನ ಮುಖ ನೋಡಿ ದನಿ ತಗ್ಗಿಸಿದ. "ಆಗಲಿ, ಆಗಲಿ. ದಡದ ಮೇಲೇ ನಿಲ್ತೀನಿ."

ಹೊರಟ ದಿನ ಬೆಳಗಿನ ಜಾವ ನಾನು ಹಿತ್ತಿಲಿನಲ್ಲಿ ಒಗೆಯುವ ಕಲ್ಲಿನ ಮೇಲೆ ಕೂತಿದ್ದೆ. ಎದುರಾಗಬಾರದಲ್ಲ. ಮುಂಬಾಗಿಲಿನಲ್ಲಿ ಬಾಬು ಜಾನ್ ಬಸ್ಸಿನ ಹಾರನ್ನು ಒತ್ತುತ್ತಿದ್ದ. ಮಳವಳ್ಳಿಯಿಂದ ಮದ್ದೂರು ಸ್ಟೇಷನ್ನಿಗೆ ಅವನದೇ ಬಸ್ಸು, ಕಾಯಿಲೆಯ ಹುಡುಗಿ ನಡೆಯಬಾರದೆಂದು ಮನೆಯ ಮುಂದಕ್ಕೇ ತಂದಿದ್ದ. ಆಗ ಗೋದಾ ಕಳ್ಳಹೆಜ್ಜೆಯಲ್ಲಿ ಹಿತ್ತಿಲಿಗೆ ಬಂದಳು. ಶಾಲು ಹೊದ್ದಿದ್ದಳು. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು.

"ಯಾಕೇ ಬಂದೆ? ಹೋಗು ಹೋಗು, ನಿಮ್ಮಮ್ಮ ನೋಡಿದರೆ..."

"ಅತ್ತೆ, ನಾನು ಮರಳಿನ ಮೇಲೆ ನಿಂತು ಕೂಗ್ತೀನಿ. ನೀವು ಇಲ್ಲಿಂದ ಓ ಅನ್ನಬೇಕು."

"ಮೊದಲು ಕೂಗೋವಷ್ಟು ಉಸಿರು ತುಂಬಿಕೊಂಡು ಬಾ. ಆಮೇಲೆ ಓ ಅಂತೀನಿ," ಎಂದು ಗದರಿದೆ. ಅವಳು ನಗಲು ಹೋಗಿ ಕೆಮ್ಮಿದಳು. ಬಸ್ಸಿನ ಸದ್ದು ಕೆರೆ ಏರಿಯ ಆಚೆಗೆ ಹೋಗುವವರೆಗೂ ನಾನು ಆ ಕಲ್ಲು ಬಿಟ್ಟು ಏಳಲಿಲ್ಲ. ಮನಸಾರೆ ಅತ್ತೆ.

ಗೋದಾ ಚೇತರಿಸಿಕೊಳ್ಳುತ್ತಿದ್ದಾಳೆ, ಎರಡು ಹೊತ್ತು ಊಟ ಮಾಡುತ್ತಿದ್ದಾಳೆ ಎಂದು ಸುದ್ದಿ ಬರುತ್ತಿತ್ತು. ನಾನು ಪುಟ್ಟಮಾದಮ್ಮನಿಗೆ ದಿನವೂ ಅದನ್ನೇ ಹೇಳುತ್ತಿದ್ದೆ. "ನೋಡಿದೆಯೇನೇ, ನಮ್ಮ ಕಡಲಿನ ಗಾಳಿ!" ಎನ್ನುತ್ತಿದ್ದೆ. ನಾನೇ ಅದನ್ನು ಬೀಸಿ ಕಳಿಸಿದ ಹಾಗೆ.

ವೈಶಾಖದ ಅಮಾವಾಸ್ಯೆ ಕಳೆದ ಮಾರನೆಯ ದಿನ ಅಂಚೆಯವನು ತಂತಿ ಹಿಡಿದು ಬಂದ. ನಾನು ತಂತಿ ಆಫೀಸಿನವರ ಹೆಂಡತಿ. ಕಾಗದ ಬಿಚ್ಚುವ ಮುಂಚೆ ತಂದವನ ಮುಖ ನೋಡುವುದು ನನಗೆ ಅಭ್ಯಾಸ. ಗೋದಾ ಹೋದಳು ಎಂದುಕೊಂಡೆ. ಅವನು ಓದಿದಾಗ ಅದು ನರಸಿಂಹನ ಹೆಸರಾಗಿತ್ತು. ಸಮುದ್ರಸ್ನಾನಕ್ಕೆ ಇಳಿದವನನ್ನು ಅಲೆ ಎಳೆದುಕೊಂಡಿತು, ಸಂಜೆ ದೇಹ ಸಿಕ್ಕಿತು ಎಂದಿತ್ತು.

ಆ ಮನೆಯಲ್ಲಿ ನಾನೊಬ್ಬಳೇ ಕಿರುಚಿದೆ. ಗೋಡೆಗೆ ತಲೆ ಚಚ್ಚಿಕೊಂಡೆ. ನಿನ್ನ ದಮ್ಮಯ್ಯ ಅಂದಿದ್ದೆನಲ್ಲೋ ಪಾಪಿ, ದಡದ ಮೇಲೆ ನಿಲ್ತೀನಿ ಅಂದಿದ್ದೆಯಲ್ಲೋ, ಎಂದು ಸತ್ತವನನ್ನು ಬೈದೆ. ಬೈಯುವುದಕ್ಕೆ ನನಗಿದ್ದ ತಮ್ಮ ಅವನೊಬ್ಬನೇ.

ಕರ್ಮವೆಲ್ಲ ಅಲ್ಲೇ ಮುಗಿಸಿ ಪದ್ಮಾ, ಗೋದಾ ಊರಿಗೆ ಬರುವ ದಿನ ನಾನು ಹಿತ್ತಿಲಿನಲ್ಲಿ ಕೂರಲಿಲ್ಲ. ಕೆಂಪು ಸೀರೆಯ ಸೆರಗು ತಲೆಗೆ ಹೊದ್ದು, ಹಾಡಹಗಲಿನಲ್ಲಿ, ಬಸ್ಸು ನಿಲ್ಲುವ ಕಡೆ ಹೋಗಿ ಎಲ್ಲರೆದುರಿಗೆ ನಿಂತೆ. ಇನ್ನು ಯಾವ ಶುಭಕ್ಕೆ ಅಡ್ಡ ಬರುವುದಿತ್ತು?

ಬಾಬು ಜಾನ್ ಮೊದಲು ಇಳಿದ. ತಲೆಯ ಟೋಪಿ ಕೈಗೆ ತೆಗೆದುಕೊಂಡ.

"ಮದ್ದೂರಿಂದ ನಿಧಾನುಕ್ಕೇ ತಂದಿವ್ನಿ ಅಮ್ಮಾರೆ, ಒಂದು ಅಳ್ಳಕ್ಕೂ ಬುಟ್ಟಿಲ್ಲ. ನಮ್ ಹೈದ ವಾಜಿದ್‌ಗೆ ಅಕ್ಷರ ಕಲ್ಸಿದ್ದು ಪಂಡಿತ್ರೇಯ. ಏನ್ ಏಳಾನ, ಅಲ್ಲಾ ಒಳ್ಳೇವ್ರನ್ನೇ ಬೇಗ ಕರ್ಕತಾನೆ," ಎಂದು ಮುಖ ತಿರುಗಿಸಿಕೊಂಡ.

ಪದ್ಮಾಳ ಹಣೆ ಬೋಳಾಗಿತ್ತು. ಬಸ್ಸಿನಿಂದ ಇಳಿದವಳೇ ನನ್ನ ಭುಜದ ಮೇಲೆ ಬಿದ್ದಳು. "ಅತ್ತಿಗೆ, ನಿಮ್ಮನ್ನ ಹಿತ್ತಿಲಿಗೆ ಅಟ್ಟಿ ಹೋದೆನಲ್ಲ ಅತ್ತಿಗೆ, ನೀವಿದ್ದಿದ್ದರೆ ಅವರನ್ನ ನೀರಿಗೆ ಬಿಡ್ತಿದ್ದಿರಾ," ಎಂದು ಗೋಳಾಡಿದಳು. ನಾನು ಅವಳ ಬೆನ್ನು ಸವರಿದೆ. ಬೈಗುಳವೆಲ್ಲ ಎಲ್ಲಿಗೆ ಹೋಯಿತೋ, ಒಂದೂ ನಾಲಗೆಗೆ ಬರಲಿಲ್ಲ.

ಗೋದಾ ಅವಳ ಹಿಂದೆ ಇಳಿದಳು. ಕೆನ್ನೆ ತುಂಬಿತ್ತು, ಮೈಗೆ ಬಣ್ಣ ಬಂದಿತ್ತು, ಕೆಮ್ಮಿರಲಿಲ್ಲ. ಡಾಕ್ಟರು ಹೇಳಿದ್ದು ನಿಜವಾಗಿತ್ತು. ನಾನು ಹೇಳಿದ್ದೂ ನಿಜವಾಗಿತ್ತು. ಅವಳು ನನ್ನನ್ನು ನೋಡಿ ತಲೆ ತಗ್ಗಿಸಿದಳು.

ಅಂದಿನಿಂದ ಹುಡುಗಿ ಬಾಯಿ ಬಿಡಲಿಲ್ಲ. ಮೂಲೆಯಲ್ಲಿ ಕೂತಳು. ತಟ್ಟೆಯಲ್ಲಿ ಅನ್ನ ಕಲಸಿ ಹಾಗೇ ಬಿಟ್ಟು ಏಳುತ್ತಿದ್ದಳು. ಹಾಲು ಕೊಟ್ಟರೆ ಹಿತ್ತಿಲಿನ ತುಳಸಿ ಬುಡಕ್ಕೆ ಚೆಲ್ಲುತ್ತಿದ್ದಳು. ಬಂದ ಬಣ್ಣ ಬಂದ ಹಾಗೇ ಇಳಿಯಿತು. ಪದ್ಮಾಳಿಗೆ ಇದು ಕಾಣುವ ಸ್ಥಿತಿಯಿರಲಿಲ್ಲ, ಅವಳು ತನ್ನ ಕಣ್ಣೀರಿನಲ್ಲೇ ಇದ್ದಳು. ಆಷಾಢದ ಗಾಳಿ ಶುರುವಾದಾಗ ಒಂದು ಬೆಳಿಗ್ಗೆ ಆ ಕೆಮ್ಮು ಮತ್ತೆ ನನ್ನ ಕಿವಿಗೆ ಬಿತ್ತು.

ಪುಟ್ಟಮಾದಮ್ಮ ಹಾಲಿನ ತಂಬಿಗೆ ಇಟ್ಟು ನನ್ನನ್ನು ಪಕ್ಕಕ್ಕೆ ಕರೆದಳು.

"ಇಂಗೇ ಬುಟ್ರೆ ಈ ಮಗ ಉಳಿಯಕಿಲ್ಲ ಕಣಮ್ಮ. ಎದೇಲಿ ಏನೋ ಮಡಿಕೊಂಡದೆ. ಕಕ್ಕಸಿ ಮೊದ್ಲು."

ಅವಳು ಹೇಳಿದ್ದು ಸರಿ. ಮಧ್ಯಾಹ್ನ ಗೋದಾಳನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಆ ಒಗೆಯುವ ಕಲ್ಲಿನ ಮೇಲೆ ಕೂರಿಸಿದೆ.

"ಹೇಳು. ಇಲ್ಲ ನನ್ನ ಹೆಣ ನೋಡ್ತೀಯ," ಎಂದೆ.

ಒಂದೊಂದೇ ಮಾತು ಬಂತು. ಆ ಬೆಳಿಗ್ಗೆ ಅಮ್ಮ ಒಳಗಿನ ಕೇರಿಯ ಬಾವಿಗೆ ನೀರಿಗೆ ಹೋಗಿದ್ದಳು. ಮರಳಿನ ಮೇಲೆ ಚಾಪೆ ಹಾಕಿ ಇವಳು ಕೂತಿದ್ದಳು. ಅಪ್ಪ ಮುಳುಗು ಹಾಕಿ ಎದ್ದು ದಡಕ್ಕೆ ನಾಲ್ಕು ಹೆಜ್ಜೆ ಬಂದ. ಅಷ್ಟರಲ್ಲಿ ತೆಂಗಿನತೋಟದ ಮೇಲೆ ಸೂರ್ಯ ಕಂಡ. ಹೊತ್ತು ಮೀರಬಾರದೆಂದು ಅಪ್ಪ ಅಲ್ಲೇ, ಮಂಡಿಯುದ್ದದ ನೀರಿನಲ್ಲೇ ನಿಂತ. ಬೊಗಸೆ ಎತ್ತಿದ.

"ನನ್ನ ಕಡೆಗೇ ಮುಖ ಮಾಡಿ ನಿಂತಿದ್ದರು ಅತ್ತೆ. ಕಣ್ಣು ಮುಚ್ಚಿದ್ದರು. ಹಿಂದೆ ಅದು ಎದ್ದು ಬರೋದು ನನಗೆ ಕಾಣಿಸ್ತು. ನೀವು ಹೇಳಿದ್ದು ನೆನಪಾಯ್ತು. ಎದ್ದು ನಿಂತು ಅಪ್ಪಾ ಅಂತ ಕೂಗಿದೆ. ಕೆಮ್ಮು ಒತ್ತರಿಸಿಕೊಂಡು ಬಂತು. ದನಿಯೇ ಏಳಲಿಲ್ಲ ಅತ್ತೆ. ಇನ್ನೊಂದು ಸಲ ಕೂಗೋಣ ಅಂದರೆ ಉಸಿರಿಲ್ಲ. ಅಪ್ಪ ಕಣ್ಣೇ ಬಿಡಲಿಲ್ಲ."

ನಾನು ಅವಳ ಕೈ ಹಿಡಿದುಕೊಂಡೆ.

"ನನ್ನನ್ನ ಉಳಿಸೋಕೆ ಅಂತ ಬಂದರು. ಒಂದು ಕೂಗು ನನ್ನ ಕೈಲಾಗಲಿಲ್ಲ. ಗಟ್ಟಿಯಾಗಿ ಕೂಗಿದ್ದರೆ ಅಪ್ಪ ಇರ್ತಿದ್ದರು. ನಾನ್ಯಾಕೆ ಉಣ್ಣಬೇಕು ಹೇಳಿ."

"ಹುಚ್ಚಿ," ಎಂದೆ. "ಅಲ್ಲಿ ಅಲೆಯ ಆರ್ಭಟಕ್ಕೆ ಯಾರ ಕೂಗೂ ಕೇಳಿಸಲ್ಲ ಕಣೇ. ನೀನಲ್ಲ, ಕುಸ್ತಿ ಆಡೋ ಪೈಲ್ವಾನ ಕೂಗಿದರೂ ನೀರಿನಲ್ಲಿ ನಿಂತವನ ಕಿವಿಗೆ ಬೀಳಲ್ಲ."

ಗೋದಾ ತಲೆಯೆತ್ತಿ ನನ್ನನ್ನು ನೋಡಿದಳು. ಆ ಕಣ್ಣುಗಳು ನನಗೆ ಇನ್ನೂ ನೆನಪಿವೆ.

"ಅತ್ತೆ, ನೀವೇ ಹೇಳ್ತಿದ್ದಿರಲ್ಲ. ಬೆಳಿಗ್ಗೆ ಹೊತ್ತು ಗಾಳಿ ನೀರಿನ ಕಡೆ ಬೀಸುತ್ತೆ, ಬೆಸ್ತರ ಹೆಂಗಸರು ಕೂಗಿದರೆ ದೂರದ ದೋಣಿಗೂ ಕೇಳಿಸುತ್ತೆ, ಓ ಅಂತಾರೆ ಅಂತ."

ಹೇಳಿದ್ದೆ. ಒಂದಲ್ಲ, ನೂರು ಸಲ ಹೇಳಿದ್ದೆ. ಅದು ನಿಜ. ಹತ್ತಿಪ್ಪತ್ತು ಮಾರು ದೂರದ ಕೂಗು ಆ ಗಾಳಿಗೆ ಕೇಳಿಸದೆ ಏನು? ನಾನೇ ನಮ್ಮ ಯಜಮಾನರನ್ನು ದಂಡೆಯಿಂದ ಕೂಗಿ ಕರೆದವಳು. ನನ್ನ ಬದುಕಿನಲ್ಲಿ ನಾನು ಖಂಡಿತವಾಗಿ ಬಲ್ಲದ್ದೆಂದರೆ ಆ ದಂಡೆ, ಆ ಗಾಳಿ.

"ಅದಾ?" ಎಂದೆ. ನಕ್ಕೆ ಕೂಡ. ಹೇಗೆ ನಕ್ಕೆನೋ ದೇವರೇ ಬಲ್ಲ. "ನೀನು ಮಲಗಲಿ ಅಂತ ಕಟ್ಟಿದ ಕಥೆ ಕಣೇ ಅದು. ಯಾವ ಬೆಸ್ತರವಳು, ಯಾವ ದೋಣಿ! ನಾನೇನು ಹೊತ್ತು ಹುಟ್ಟೋ ಮುಂಚೆ ಮನೆ ಬಿಟ್ಟು ದಂಡೆಗೆ ಹೋಗಿದ್ದೆನಾ? ನಿಮ್ಮ ಮಾವ ಬಿಡ್ತಿದ್ದರಾ?"

"ಮತ್ತೆ ಊರಿಗೆಲ್ಲ ಹೇಳ್ತಿದ್ದಿರಿ..."

"ಅರ್ಧಕ್ಕರ್ಧ ಬುರುಡೆ. ಜನ ಬಂದು ಜಗುಲಿ ಮೇಲೆ ಕೂರ್ತಿದ್ದರಲ್ಲ, ನನಗೂ ಚೆನ್ನಾಗಿತ್ತು. ಯಾರು ಹೋಗಿ ನೋಡ್ತಾರೆ ಅಂತ ಬಾಯಿಗೆ ಬಂದದ್ದು ಹೇಳಿದೆ."

"ನಿಜವಾಗ್ಲೂ ಕೇಳಿಸಲ್ವಾ ಅತ್ತೆ?"

"ನಿನ್ನಾಣೆಗೂ ಕೇಳಿಸಲ್ಲ," ಎಂದು ಅವಳ ತಲೆಯ ಮೇಲೆ ಕೈಯಿಟ್ಟೆ. ಸುಳ್ಳು ಆಣೆ. ಅವಳ ತಲೆಯ ಮೇಲೆಯೇ. ತಗಲುವುದಿದ್ದರೆ ನನಗೆ ತಗಲಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ.

ಆಗ ಅತ್ತಳು. ಊರಿಗೆ ಬಂದ ಮೇಲೆ ಮೊದಲ ಸಲ, ನನ್ನ ಮಡಿಲಲ್ಲಿ ಮುಖವಿಟ್ಟು, ಮಗುವಿನ ಹಾಗೆ. ಸಂಜೆ ಒಂದು ತುತ್ತು ಹೆಚ್ಚು ಉಂಡಳು. ಮಾರನೆಯ ದಿನ ಹಾಲು ಚೆಲ್ಲಲಿಲ್ಲ.

ಒಂದು ಸಲ ಹೇಳಿದ ಸುಳ್ಳನ್ನು ಕಾಯಬೇಕಲ್ಲ. ಮುಂದಿನ ಸಲ ಜಗುಲಿಗೆ ಬಂದು ಕೂತವರಿಗೆ, ಗೋದಾಳಿಗೆ ಕೇಳಿಸುವ ಹಾಗೆ, "ನನ್ನನ್ನ ಕೇಳಬೇಡಿ, ನನಗೇನೂ ತಿಳಿಯದು, ಇಷ್ಟು ದಿನ ಹೇಳಿದ್ದೆಲ್ಲ ಬುರುಡೆ," ಎಂದೆ. ಪುಟ್ಟಮಾದಮ್ಮನಿಗೂ ಹೇಳಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಂಗಾರೆ ಸಮುದ್ರುಕ್ಕೆ ಆಚೆ ದಡ ಅದೆ ಅನ್ನಿ."

"ಇದೆ ಕಣೇ, ಇದೆ."

"ನಾ ಏಳ್ನಿಲ್ವಾ ಮತ್ತೆ!" ಎಂದು ಅವಳು ಗೆದ್ದವಳ ಹಾಗೆ ತಂಬಿಗೆ ಎತ್ತಿಕೊಂಡು ಹೋದಳು. ಅವಳ ಬಾಯಿಂದ ಊರಿಗೆಲ್ಲ ಹಬ್ಬಿತು. ಈಗ ನಮ್ಮ ಜಗುಲಿಗೆ ಯಾರೂ ಬರುವುದಿಲ್ಲ. ತಗಡಿನ ಟ್ರಂಕು ಹೊತ್ತುಕೊಂಡು ಕಡಲ ಕಡೆಗೆ ಹೋಗುವವರನ್ನು ಕಿಟಕಿಯಿಂದ ನೋಡುತ್ತೇನೆ. ನಾಲಗೆ ಕಚ್ಚಿಕೊಂಡು ಸುಮ್ಮನಿರುತ್ತೇನೆ.

ಗೋದಾ ಆ ಮಳೆಗಾಲ ದಾಟಿದಳು, ಅದರ ಮುಂದಿನದನ್ನೂ ದಾಟಿದಳು. ಕೆಮ್ಮು ಹೋಯಿತು. ಈಗ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಸಣ್ಣ ತರಗತಿಗೆ ಪಾಠ ಹೇಳುತ್ತಾಳೆ. ಅವಳು ಮಗ್ಗಿ ಹೇಳಿಸುವ ದನಿ ಬೀದಿಯ ಕೊನೆಯವರೆಗೂ ಬರುತ್ತದೆ. ಅಪ್ಪನದೇ ದನಿ.

ಸಂಜೆ ಮನೆಗೆ ಬಂದವಳು ಮುಂಬಾಗಿಲಿನಿಂದಲೇ "ಅತ್ತೇ" ಎಂದು ಕೂಗುತ್ತಾಳೆ. ನಾನು ಹಿತ್ತಿಲಿನ ಕಲ್ಲಿನ ಮೇಲೆ ಕೂತಿರುತ್ತೇನೆ. ಮೊದಲ ಕೂಗಿಗೇ ಕೇಳಿಸುತ್ತದೆ, ನನ್ನ ಕಿವಿ ಇನ್ನೂ ಚೆನ್ನಾಗಿದೆ. ಆದರೂ ಸುಮ್ಮನಿರುತ್ತೇನೆ. ಇಷ್ಟು ಸಣ್ಣ ಮನೆಯಲ್ಲೂ ಒಂದು ಕೂಗು ಕೇಳಿಸದೆ ಹೋಗಬಹುದು ಎಂದು ಅವಳಿಗೆ ದಿನವೂ ಗೊತ್ತಾಗಲಿ. ಅವಳು ಎರಡನೆಯ ಸಲ ಕೂಗಿದ ಮೇಲೆ ಓ ಎನ್ನುತ್ತೇನೆ.